ಬಲಗಡೆ ಆಡುವವಳನ್ನು ಬಲಪಂಥೀಯಳನ್ನಾಗಿ ಮಾಡಿದವರಿಗೆ

ಅವಳಿನಗರ ಕ್ರೀಡಾಸಾಧಕರ ಸನ್ಮಾನ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ನಾನು ಬಲಪಂಥೀಯಳಲ್ಲ. ಕಳೆದ ಶನಿವಾರದಿಂದ ನೀವು ಹೇಳುತ್ತಿರುವ ಹಾಗೆ ಎಡಪಂಥೀಯಳೂ ಅಲ್ಲ. ನಾನು ಫುಟ್‌ಬಾಲ್ ಆಡುವವಳು. ಮೈದಾನದ ಬಲಗಡೆಯ ಗೆರೆಯ ಪಕ್ಕ ಓಡುವುದು ನನ್ನ ಕೆಲಸ. ಆ ಜಾಗಕ್ಕೆ ಆಟದ ಭಾಷೆಯಲ್ಲಿ ರೈಟ್ ವಿಂಗ್ ಎನ್ನುತ್ತಾರೆ, ಅಲ್ಲಿ ಆಡುವವಳನ್ನು ರೈಟ್ ವಿಂಗರ್ ಎನ್ನುತ್ತಾರೆ. ಇಷ್ಟನ್ನು ಯಾರನ್ನಾದರೂ ಕೇಳಿ ತಿಳಿದುಕೊಳ್ಳುವ ತೊಂದರೆ ತೆಗೆದುಕೊಳ್ಳದೆ ನಿಮ್ಮ ಸಮಿತಿ ನನ್ನ ಫೋಟೋದ ಕೆಳಗೆ ‘ಹುಬ್ಬಳ್ಳಿಯ ಹೆಮ್ಮೆ, ದೇಶದ ಅಗ್ರಗಣ್ಯ ಬಲಪಂಥೀಯ ಫುಟ್‌ಬಾಲ್ ಆಟಗಾರ್ತಿ ಕುಮಾರಿ ಹುಸ್ನಾ’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸಿ, ಹಳೇ ಹುಬ್ಬಳ್ಳಿಯ ಸರ್ಕಲ್ಲಿನಲ್ಲೂ ನವನಗರದ ಬಸ್ ನಿಲ್ದಾಣದ ಎದುರಿಗೂ ಫ್ಲೆಕ್ಸ್ ಕಟ್ಟಿಸಿತು. ಅಂದಿನಿಂದ ನಾನು ಹೆದರಿಕೊಂಡು ಕೂತಿದ್ದೇನೆ. ಈ ಪತ್ರವನ್ನು ಸಿಟ್ಟಿನಿಂದ ಬರೆಯಬೇಕೆಂದೇ ಶುರು ಮಾಡಿದೆ. ಆದರೆ ಎರಡು ಸಾಲು ಬರೆಯುವಷ್ಟರಲ್ಲಿ ಎದ್ದು ಬಾಗಿಲ ಚಿಲಕ ನೋಡಿ ಬರುತ್ತಿದ್ದೇನೆ.

ಮೊದಲು ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ನನಗೆ ಆಟ ಕಲಿಸಿದ ಸಿದ್ದಲಿಂಗಪ್ಪ ಸರ್ ಫೋನ್ ಮಾಡಿ, “ನಮ್ಮ ಕಾಲದಾಗ ಆ ಜಾಗಾಕ್ಕ ರೈಟ್ ಔಟ್ ಅಂತಿದ್ವಿ. ಹಂಗ ಬರಿ ಅಂದಿದ್ರ ಇವ್ರು ‘ಸರಿಯಾಗಿ ಹೊರಗ’ ಅಂತ ಅಚ್ಚು ಹಾಕಿಸ್ತಿದ್ರು ನೋಡವಾ” ಎಂದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಿಮ್ಮ ಕಚೇರಿಯಲ್ಲಿ ಯಾರೋ ಇಂಗ್ಲಿಷ್ ಶಬ್ದವನ್ನು ಮೊಬೈಲಿಗೆ ಕೊಟ್ಟಿದ್ದಾರೆ, ಮೊಬೈಲ್ ಕನ್ನಡ ಕೊಟ್ಟಿದೆ, ಅದನ್ನು ನಿಮ್ಮ ಮುಂದೆ ಹಿಡಿದಿದ್ದಾರೆ, ನೀವು ತಲೆಯಾಡಿಸಿದ್ದೀರಿ. ಕನ್ನಡದ ಮೇಲಿನ ನಿಮ್ಮ ಅಭಿಮಾನಕ್ಕೆ ನಾನು ತಲೆಬಾಗುತ್ತೇನೆ. ಫುಟ್‌ಬಾಲನ್ನು ಫುಟ್‌ಬಾಲ್ ಎಂದೇ ಬಿಟ್ಟ ತಾವು, ನನ್ನ ಜಾಗವೊಂದನ್ನೇ ಅನುವಾದ ಮಾಡಬೇಕೆಂದು ಯಾಕೆ ಹಟ ಹಿಡಿದಿರೋ ಕಾಣೆ.

ನಗು ನಿಂತದ್ದು ಅಬ್ಬಾ ಮನೆಗೆ ಬಂದಾಗ. ನಮ್ಮ ಅಬ್ಬಾ ಖಾಜಾಸಾಬರಿಗೆ ತಾರಿಹಾಳದಲ್ಲಿ ಸಣ್ಣದೊಂದು ಲೇಥ್ ವರ್ಕ್‌ಶಾಪ್ ಇದೆ. ಎಲ್ಲ ಥರದ ಜನ ಬರುತ್ತಾರೆ, ಅಬ್ಬಾ ಎಲ್ಲರ ಜೊತೆಗೂ ಚಹಾ ಕುಡಿಯುತ್ತಾರೆ, ಯಾವ ಪಕ್ಷದ ಮಾತು ಬಂದರೂ ಯಂತ್ರದ ಸದ್ದಿನಲ್ಲಿ ಕೇಳಿಸಲಿಲ್ಲ ಎನ್ನುತ್ತಾರೆ. ಅವತ್ತು ಒಬ್ಬ ಗಿರಾಕಿ ಬೆನ್ನು ತಟ್ಟಿ, “ಮಗಳು ನಮ್ಮ ಕಡಿ ಬಂದದ್ದು ಹೇಳಲೇ ಇಲ್ಲಲ್ಲ ಕಾಕಾ” ಎಂದನಂತೆ. ನಮಾಜಿಗೆ ಹೋದರೆ ಅಲ್ಲಿ ಹಿರಿಯರೊಬ್ಬರು, “ಓಡು ಅಂತ ಬಿಟ್ಟಿ, ಎಲ್ಲೀತನಕ ಓಡ್ಯಾಳ ನೋಡಪಾ ನಿನ್ನ ಮಗಳು” ಎಂದರಂತೆ. ಅಬ್ಬಾ ಅಲ್ಲಿಂದ ನೇರ ಮನೆಗೆ ಬಂದರು. ಬಂದವರು ಕೈಕಾಲನ್ನೂ ತೊಳೆಯದೆ ನನ್ನ ಎದುರಿಗೆ ಕೂತರು.

“ಖರೇ ಹೇಳವಾ. ನೀ ಎಲ್ಲೆರೆ ಸಹಿ ಮಾಡಿಯೇನು?”

“ಮಾಡೇನಿ ಅಬ್ಬಾ, ಕೇರಳದ ಕ್ಲಬ್ಬಿಗೆ. ಮುಂದಿನ ಸೀಜನ್ ಆಡ್ತೇನಿ ಅಂತ.”

“ಅದಲ್ಲ. ಬ್ಯಾರೆ ಯಾವುದಕ್ಕರೆ?”

ನನ್ನಮ್ಮ ದಾವಲಬಿ ಅಡುಗೆಮನೆಯಿಂದಲೇ, “ಓದಿದವ್ರು ಅಷ್ಟು ದೊಡ್ಡದು ಬರದಾರಂದ್ರ ಸುಮ್ನ ಬರೀತಾರೇನು?” ಎಂದಳು. ಮಾನ್ಯರೇ, ಈ ಒಂದು ಮಾತಿಗೆ ನಾನು ಏನು ಉತ್ತರ ಕೊಡಲಿ? ಓದಿದವರು ಸುಮ್ಮನೆಯೇ ಬರೆಯುತ್ತಾರೆ ಎಂದು ನನ್ನ ತಾಯಿಗೆ ಹೇಗೆ ನಂಬಿಸಲಿ? ಹೊರಗಿನವರು ಕೇಳಿದರೆ ಸಹಿಸಬಹುದು. ಮೈದಾನಕ್ಕೆ ಸೈಕಲ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ ಅಪ್ಪ ನನ್ನ ಮುಖ ನೋಡಿ ಅನುಮಾನದಿಂದ ಕೇಳಿದರಲ್ಲ, ಅದು ಬಹಳ ನೋಯಿಸಿತು.

ನಾನು ಆ ಬಲಗಡೆಗೆ ಹೇಗೆ ಬಂದೆ ಎನ್ನುವುದನ್ನಾದರೂ ಕೇಳಿ. ನಮ್ಮ ಓಣಿ ಎಷ್ಟು ಇಕ್ಕಟ್ಟೆಂದರೆ ಎರಡು ಸ್ಕೂಟರ್ ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕು. ಬಲಕ್ಕೆ ತೆರೆದ ಗಟಾರ. ಚೆಂಡು ಗಟಾರಕ್ಕೆ ಬಿದ್ದರೆ ಬೀಳಿಸಿದವರೇ ಕೈ ಹಾಕಿ ತೆಗೆಯಬೇಕು ಎನ್ನುವುದು ನಮ್ಮ ಆಟದ ನಿಯಮ. ಹುಡುಗರು ನನ್ನನ್ನು ಬೇಕಂತಲೇ ಗಟಾರದ ಅಂಚಿಗೆ ತಳ್ಳುತ್ತಿದ್ದರು. ನಾನು ಚೆಂಡನ್ನು ಎಡಗಾಲಿನಲ್ಲಿ ಒಳಗಿಟ್ಟುಕೊಂಡು ಅಂಚಿನಲ್ಲೇ ಓಡುವುದನ್ನು ಕಲಿತೆ. ರೈಲ್ವೆಯಿಂದ ನಿವೃತ್ತರಾಗಿ ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದ ಸಿದ್ದಲಿಂಗಪ್ಪ ಸರ್ ಒಮ್ಮೆ ಇದನ್ನು ನೋಡಿ, “ಎಡಗಾಲಿನಾಕಿ ಬಲಕ್ಕ ಓಡ್ತಾಳ, ಒಳಗ ತಿರುಗಿದ್ಲಂದ್ರ ಗೋಲಿನ ಬಾಗ್ಲಾನೇ ಎದುರಿಗಿರ್ತೈತಿ” ಎಂದರು. ಅಲ್ಲಿಂದ ಜಿಲ್ಲಾ ತಂಡ, ರಾಜ್ಯ ತಂಡ, ಬೆಂಗಳೂರಿನ ಒಂದು ಕ್ಲಬ್, ಆಮೇಲೆ ಒಡಿಶಾ, ಈಗ ಕೇರಳ. ನಮ್ಮಂಥವರ ಕರಾರು ಒಂದೊಂದು ಸೀಜನ್ನಿನದು. ಮಂಡಿ ಹೋದರೆ ಮುಗಿಯಿತು, ವೇಗ ಹೋದರೂ ಮುಗಿಯಿತು. ಮುಂದಿನ ತಿಂಗಳು ದೇಶದ ತಂಡದ ಶಿಬಿರಕ್ಕೆ ಆರಿಸುವವರು ನಮ್ಮ ಕ್ಲಬ್ಬಿನ ಆಟ ನೋಡಲು ಬರುತ್ತಾರೆ. ನನ್ನ ವಯಸ್ಸಿನವಳನ್ನು ಅವರು ಇನ್ನೊಮ್ಮೆ ಬಂದು ನೋಡುವುದಿಲ್ಲ. ಅದಕ್ಕೆ ತಯಾರಿ ಮಾಡಿಕೊಳ್ಳೋಣ, ಅಮ್ಮನ ಕೈಯ ಊಟ ಮಾಡೋಣ ಎಂದು ಊರಿಗೆ ಬಂದೆ. ಆಗಲೇ ನಿಮಗೆ ನನ್ನ ನೆನಪಾಯಿತು.

ಅಬ್ಬಾ ಹಾಗೆ ಕೇಳಿದ ಮರುದಿನ ನಿಮ್ಮ ಸಮಿತಿಗೆ ಫೋನ್ ಮಾಡಿದೆ. ಎತ್ತಿದವರು ಬಹಳ ಮರ್ಯಾದಸ್ಥರು. “ಸರ್, ನಾನು ಬಲಪಂಥೀಯ ಅಲ್ಲರಿ” ಎಂದೆ.

“ಹೌದೇನ್ರಿ? ತಡೀರಿ ತಡೀರಿ. ನೀವು ಎಡಗಾಲಿಲೇ ಆಡ್ತೀರಿ ಅಂತ ಪೇಪರಿನ್ಯಾಗ ಬಂದಿತ್ತಲ್ಲ! ನಮ್ಮದೇ ತಪ್ಪಾತು ನೋಡ್ರಿ. ನಾಳೆ ಮುಂಜಾನೆ ಅನ್ನೂದ್ರಾಗ ಸರಿ ಮಾಡಿಸ್ತೇವಿ.”

ನಾನು ದೊಡ್ಡ ಉಪಕಾರವಾಯಿತು ಎಂದು ಫೋನ್ ಇಟ್ಟೆ. ಮುಂಜಾನೆ ನೋಡಿದರೆ ‘ಬಲ’ ಎಂಬ ಎರಡು ಅಕ್ಷರಗಳ ಮೇಲೆ ‘ಎಡ’ ಎಂಬ ಎರಡು ಅಕ್ಷರಗಳ ಚೀಟಿ ಅಂಟಿಸಿದ್ದರು. ಎರಡೂ ಕಡೆ. ನಿಮ್ಮದೂ ಸರ್ಕಾರಿ ಸಮಿತಿಯೇ, ಆದರೂ ಸರ್ಕಾರಿ ಕೆಲಸ ಇಷ್ಟು ಲಗೂ ಆದದ್ದನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ. ಗಟಾರ ಮುಚ್ಚಿಸಿ ಎಂದು ನಮ್ಮ ಓಣಿಯವರು ಕೊಟ್ಟ ಅರ್ಜಿಗಳನ್ನೆಲ್ಲ ಇನ್ನು ಮುಂದೆ ನಿಮ್ಮ ಸಮಿತಿಗೇ ಕೊಡುವುದು ಒಳ್ಳೆಯದು.

ಈಗ ಏನಾಗಿದೆ ಕೇಳಿ. ಮೊದಲು ಅಭಿನಂದನೆ ಹೇಳಿದವರು ಈಗ ಬೈಯುತ್ತಿದ್ದಾರೆ. ಮೊದಲು ಬೈದವರು, ಈಗ ಬುದ್ಧಿ ಬಂತಾ ಎಂದು ಕೇಳುತ್ತಿದ್ದಾರೆ. ಪರಿಚಯವೇ ಇಲ್ಲದ ನಂಬರುಗಳಿಂದ ಮೆಸೇಜುಗಳು ಬರುತ್ತಿವೆ. ಒಂದರಲ್ಲಿ, ಎಷ್ಟಕ್ಕೆ ಪಕ್ಷ ಬದಲಿಸಿದೆ ಎಂಬ ಪ್ರಶ್ನೆ. ಇನ್ನೊಂದರಲ್ಲಿ ನನ್ನ ಆಟದ ಫೋಟೋ, ಚಡ್ಡಿಯ ಕೆಳಗಿನ ಬರಿಯ ಕಾಲುಗಳ ಸುತ್ತ ಕೆಂಪು ಗೆರೆ, ಕೆಳಗೆ ಬರೆದದ್ದನ್ನು ಇಲ್ಲಿ ಬರೆಯಲಾರೆ. ನೀವು ಹೇಳಬಹುದು, ಇವೆಲ್ಲ ಕೆಲಸವಿಲ್ಲದವರ ಕೆಲಸ ಎಂದು. ಇರಬಹುದು. ಆದರೆ ನಮ್ಮ ಕಡೆ ಮಕ್ಕಳಿಗೂ ಗೊತ್ತು: ಅಂಗಡಿಗಳ ಶಟರ್ ಒಟ್ಟಿಗೆ ಇಳಿಯುವ ಸದ್ದು ಕೇಳಿದರೆ ಯಾಕೆ ಎಂದು ಕೇಳುತ್ತ ನಿಲ್ಲಬಾರದು, ಮನೆಗೆ ಓಡಬೇಕು. ಒಂದು ಶಬ್ದಕ್ಕೆ ಈ ಊರಿನಲ್ಲಿ ಏನೇನಾಗಬಹುದು ಎಂದು ನಿಮಗೆ ನಾನು ಹೇಳಿಕೊಡಬೇಕೇ?

ಮೊನ್ನೆ ಮಧ್ಯಾಹ್ನ ಇಬ್ಬರು ಬೈಕಿನಲ್ಲಿ ಬಂದು ನಮ್ಮ ಮನೆಯ ಮುಂದೆ ನಿಂತರು. ಬೈಯಲಿಲ್ಲ, ಕೂಗಲಿಲ್ಲ. ಬಾಗಿಲಿನ ಫೋಟೋ ಹೊಡೆದುಕೊಂಡು ಹೋದರು, ಅಷ್ಟೇ. ಎದುರು ಮನೆಯಲ್ಲಿ ರೊಟ್ಟಿ ಮಾಡಿ ಮಾರುವ ಶಿವಬಸವ್ವ ನೋಡಿದಳು. “ಯಾರವಾ ಅವ್ರು? ಮಂದೀದು ಬಿಟ್ಟು ಬಾಗಲದ್ದು ಯಾಕ ಫೋಟೋ ಹೊಡಕೊಂಡು ಹೋದ್ರು?” ಎಂದು ಕೇಳಿದಳು. ಅಮ್ಮ ಬಾಗಿಲು ಹಾಕಿಕೊಂಡಳು. ಸಂಜೆಗೆ ಆ ಫೋಟೋ ಅಬ್ಬಾನ ಮೊಬೈಲಿಗೇ ಬಂತು, ಯಾರೋ ಯಾರಿಗೋ ಕಳಿಸಿದ್ದು ತಿರುಗಿ ತಿರುಗಿ. ಕೆಳಗೆ ‘ಇದೇ ಮನೆ’ ಎಂದಿತ್ತು. ಅವತ್ತಿನಿಂದ ಶಿವಬಸವ್ವ ಹಿಟ್ಟಿನ ಜರಡಿ ಹಿಡಿದುಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕೂರುತ್ತಾಳೆ. ಯಾಕೆ ಎಂದು ಕೇಳಿದರೆ, “ನಮ್ಮ ಮನ್ಯಾಗ ಬಿಸಲ ಭಾಳ” ಎನ್ನುತ್ತಾಳೆ. ಬಿಸಿಲು ನಮ್ಮ ಕಟ್ಟೆಗೂ ಅಷ್ಟೇ ಬೀಳುತ್ತದೆ ಮಾನ್ಯರೇ. ನಿಮ್ಮಂಥ ಅಧಿಕಾರಿಗಳು ಮಾಡಿಸಬೇಕಾದ ಕಾವಲನ್ನು ರೊಟ್ಟಿ ಬಡಿಯುವ ಹೆಂಗಸು ಮಾಡುತ್ತಿದ್ದಾಳೆ.

ಇದನ್ನೆಲ್ಲ ಹೇಳಲು ನಿಮಗೇ ಫೋನ್ ಮಾಡಿದೆ. ನೆನಪಿದೆಯೇ? “ಊರೆಲ್ಲಾ ನಿಮ್ಮ ಹೆಸರು ಮಾತಾಡಾಕತ್ತೈತಿ. ಹೆಣ್ಮಕ್ಕಳ ಫುಟ್‌ಬಾಲ್ ಬಗ್ಗೆ ಹಿಂದ ಯಾರರೆ ಇಷ್ಟು ಮಾತಾಡಿದ್ರೇನು? ಪ್ರಚಾರ ಛಲೋ ಆತು, ಬಿಡ್ರಿ” ಎಂದಿರಿ. ಭಾನುವಾರದ ಸನ್ಮಾನಕ್ಕೆ ತೆರೆದ ಜೀಪಿನಲ್ಲಿ ಹಳೇ ಹುಬ್ಬಳ್ಳಿಯಿಂದ ಮೆರವಣಿಗೆ, ಪೇಟ ಸುತ್ತಿ ನಿಲ್ಲಿಸುತ್ತೇವೆ, ಜನ ಸರಿಯಾಗಿ ನೋಡಬೇಕು ಎಂದೂ ಹೇಳಿದಿರಿ. ಜನ ಸರಿಯಾಗಿ ನೋಡುತ್ತಾರೆ ಎನ್ನುವುದೇ ನನ್ನ ಭಯ. ಅದನ್ನು ಹೇಳುವಷ್ಟರಲ್ಲಿ ನಿಮಗೆ ಮೀಟಿಂಗ್ ಬಂತು.

ನಿನ್ನೆ ಮುಂಜಾನೆ ಅಬ್ಬಾ ಬೇಡವೆಂದರೂ ಮೈದಾನಕ್ಕೆ ಹೋದೆ. ಮನೆಯಲ್ಲೇ ಕೂತರೆ ಕಾಲು ಜಡ್ಡುಗಟ್ಟುತ್ತದೆ, ಕಾಲು ಜಡ್ಡುಗಟ್ಟಿದರೆ ಕೇರಳಕ್ಕೆ ಹೋಗಿ ಏನು ಮಾಡಲಿ? ಸಿದ್ದಲಿಂಗಪ್ಪ ಸರ್ ಸಣ್ಣ ಹುಡುಗಿಯರ ಜೊತೆ ನನ್ನನ್ನೂ ಆಡಿಸಿದರು. ಚೆಂಡು ಬಂತು. ಗೆರೆ ಹಿಡಿದು ಓಡಿದೆ. ಮುಂದೆ ಒಬ್ಬಳೇ ಹುಡುಗಿ ಇದ್ದಳು, ಎಂಟನೇ ಇಯತ್ತೆಯಲ್ಲಿ ಓದುವವಳು. ಅಷ್ಟರಲ್ಲಿ ತಂತಿಬೇಲಿಯ ಆಚೆ ಒಂದು ಬೈಕ್ ನಿಂತ ಸದ್ದಾಯಿತು. ನಾನು ಹಿಂದೆ ತಿರುಗಿ ನೋಡಿದೆ. ಆ ಹುಡುಗಿ ನನ್ನ ಕಾಲಿನಿಂದ ಚೆಂಡು ತೆಗೆದುಕೊಂಡು ಹೋದಳು. ಬೈಕಿನವನು ಹಾಲಿನವನು, ಕ್ಯಾನ್ ಸರಿಮಾಡಿಕೊಂಡು ಹೊರಟುಹೋದ.

ಆಟ ನಿಂತಿತು. ಸರ್ ಹತ್ತಿರ ಬಂದು ಮೆಲ್ಲಗೆ, “ಹುಸ್ನಾ, ಇಷ್ಟು ವರ್ಷದಾಗ ನೀ ಓಡೂಮುಂದ ಹಿಂದ ನೋಡಿದ್ದು ನಾ ಕಂಡೇ ಇಲ್ಲ” ಎಂದರು. ನನಗೆ ಅಳು ಬಂತು. ವಿಂಗಿನಲ್ಲಿ ಆಡುವವಳಿಗೆ ಇರುವುದೇ ಮುಂದಿನ ಅಷ್ಟು ಜಾಗ ಮತ್ತು ಒಂದು ಕ್ಷಣದ ಧೈರ್ಯ. ಮುಂದಿನ ತಿಂಗಳು ಆರಿಸುವವರ ಎದುರು ಗ್ಯಾಲರಿಯಲ್ಲಿ ಯಾರಾದರೂ ಕೂಗಿದಾಗ ನಾನು ಹೀಗೇ ತಿರುಗಿ ನೋಡಿದರೆ? ಅಷ್ಟು ಹೊತ್ತಿನಲ್ಲಿ ಅಬ್ಬಾ ವರ್ಕ್‌ಶಾಪಿನಿಂದ ಮನೆ ಮುಟ್ಟಿದರೋ ಇಲ್ಲವೋ ಎಂಬ ಯೋಚನೆ ಬಂದರೆ? ಮಂಡಿ ಮುರಿದರೆ ಡಾಕ್ಟರಿಗೆ ತೋರಿಸಬಹುದು. ಇದನ್ನು ಯಾರಿಗೆ ತೋರಿಸಲಿ?

ಆದ್ದರಿಂದ ನನ್ನ ಬೇಡಿಕೆ. ಇವತ್ತೇ ಆ ಎರಡೂ ಫ್ಲೆಕ್ಸ್ ಇಳಿಸಿ. ದಯವಿಟ್ಟು ಇನ್ನೊಂದು ಚೀಟಿ ಅಂಟಿಸಬೇಡಿ. ಜೀಪು, ಪೇಟ, ಹಣ್ಣಿನ ಬುಟ್ಟಿ ಯಾವುದೂ ನನಗೆ ಬೇಡ. ಭಾನುವಾರ ನಾನು ಬರುವುದಿಲ್ಲ. ಆದರೆ ನೀವು ಬನ್ನಿ. ಹಳೇ ಹುಬ್ಬಳ್ಳಿಯ ಸರ್ಕಲ್ಲಿನಲ್ಲಿ ಮೈಕ್ ಹಿಡಿದು ನಿಂತು, ನಿಮ್ಮ ಬಾಯಿಂದಲೇ ಹೇಳಿ: ಆ ಹುಡುಗಿ ಯಾವ ಪಂಥಕ್ಕೂ ಸೇರಿದವಳಲ್ಲ, ಆ ಶಬ್ದ ಬರೆಸಿದ್ದು ನಾನು, ತಪ್ಪು ನನ್ನದು. ಅದಾದ ಮೇಲೆ ನಮ್ಮ ಓಣಿಗೆ ಬಂದು, ನನ್ನ ತಂದೆಯ ಎದುರಿಗೆ ಕೂತು, ಅದೇ ಮಾತನ್ನು ಇನ್ನೊಮ್ಮೆ ಹೇಳಿ. ಜನರ ಎದುರು ಹಾಗೆ ಹೇಳಲು ನಿಮಗೆ ಹೆದರಿಕೆಯಾಗುತ್ತದೆ ಎಂದಾದರೆ, ಸ್ವಾಮಿ, ನಿಮ್ಮ ಹತ್ತಿರ ಕಾರಿದೆ, ಗನ್‌ಮ್ಯಾನ್ ಇದ್ದಾನೆ, ಮನೆಗೆ ಗೇಟಿದೆ. ನಮ್ಮ ಮನೆಗೆ ಇರುವುದು ಊರಿಗೆಲ್ಲ ಫೋಟೋ ಹಂಚಿಹೋದ ಒಂದು ಬಾಗಿಲು.

ಇಂತಿ,
ರಜೆಗೆ ಊರಿಗೆ ಬಂದು, ಊರು ಬಿಡುವ ದಿನವನ್ನು ಕಾಯುತ್ತಿರುವ,
ನಿಮ್ಮ ಹೆಮ್ಮೆಯ
ಹುಸ್ನಾ