ಮಾವನ ಉಸಿರಿನ ಅಳತೆ

ಟೈಲರಿಂಗ್ ಅಂಗಡಿಯ ಕಟಿಂಗ್ ಮೇಜಿನ ಮೇಲಿಂದ,
ಮಂಗಳವಾರ, ಫೆಬ್ರವರಿ ೧೮, ಮಧ್ಯಾಹ್ನ

ಪ್ರೀತಿಯ ಇವಳೇ,

ನಿನ್ನ ಹೆಸರು ಬರೆದು ಶುರುಮಾಡೋಣ ಅಂತ ಹೋಗಿ ಎರಡು ಹಾಳೆ ದಂಡ ಮಾಡಿದೆ. ಇಪ್ಪತ್ತೆರಡು ವರ್ಷ ‘ಇವಳೇ’ ಅಂತಲೇ ಕೂಗಿದ್ದೇನೆ. ಈಗ ಕಾಗದದ ಮೇಲೆ ನಿನ್ನ ಹೆಸರು ಕಂಡರೆ ಯಾವುದೋ ಕಚೇರಿಯಿಂದ ನೋಟೀಸು ಕಳಿಸಿದ ಹಾಗಿರುತ್ತೆ. ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತಾ? ಆ ದೂರದ ಊರಿನಲ್ಲಿ ಕೆಲಸಕ್ಕಿದ್ದು ನೀನು ನೋಡಿಕೊಳ್ಳುತ್ತಿರುವ ಆ ಅಜ್ಜಿಯನ್ನು ಹಾಸಿಗೆಯಲ್ಲಿ ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈಹಾಕಿ ಎಳೆಯಬೇಡ. ಬೆನ್ನಿನ ಕೆಳಗೆ ಒಂದು ದುಪ್ಪಟಿ ಹಾಸಿ, ದುಪ್ಪಟಿ ಹಿಡಿದು ಜಾರಿಸು, ಇಬ್ಬರ ಸೊಂಟವೂ ಉಳಿಯುತ್ತೆ. ಇದೆಲ್ಲ ಈ ಮನುಷ್ಯನಿಗೆ ಯಾವಾಗ ಗೊತ್ತಾಯಿತು ಅಂತ ಹುಬ್ಬು ಮೇಲೇರಿಸುತ್ತಿದ್ದೀಯ, ಅಲ್ವಾ? ಅದನ್ನು ಹೇಳೋಕೇ ಕೂತಿದ್ದೇನೆ. ನೀನೂ ಎಲ್ಲಾದರೂ ಕೂತುಕೊಂಡು ಓದು, ನಿಂತುಕೊಂಡು ಓದಬೇಡ.

ಮೊದಲೇ ಹೇಳಿಬಿಡುತ್ತೇನೆ: ನಿನ್ನಪ್ಪ ಬದುಕಿದ್ದಾರೆ, ಗಟ್ಟಿಯಾಗಿದ್ದಾರೆ, ನಿನ್ನೆ ನನ್ನನ್ನು ಬೈದೂ ಇದ್ದಾರೆ. ಈ ಸಾಲನ್ನು ಇನ್ನೊಂದು ಸಲ ಓದಿಕೊಂಡು ಮುಂದಕ್ಕೆ ಹೋಗು. ಒಂಬತ್ತು ಭಾನುವಾರಗಳಿಂದ ನೀನು ಫೋನ್ ಮಾಡಿದಾಗಲೆಲ್ಲ ಮಾವನಿಗೆ ಗಂಟಲು ಕಟ್ಟಿದೆ, ಈಗಷ್ಟೇ ಮಲಗಿದರು, ಪಾರ್ಕಿನ ಕಡೆ ಹೋದರು ಅಂತ ನಾನು ಹೇಳಿದ್ದೆಲ್ಲ ಸುಳ್ಳು. ಡಿಸೆಂಬರ್ ಮಧ್ಯದಲ್ಲಿ ಅವರಿಗೆ ನ್ಯುಮೋನಿಯಾ ಆಯಿತು. ನೀನು ಹೊರಟಾಗ ಕೋಲು ಹಿಡಿದು ಓಡಾಡುತ್ತಿದ್ದರಲ್ಲ, ಆ ಸ್ನಾಯುಗಳ ಕಾಯಿಲೆ ಕಾಲಿನಿಂದ ಎದೆಗೂ ಹತ್ತಿದೆ. ಕೆಮ್ಮಿ ಕಫ ಹೊರಗೆ ಹಾಕುವಷ್ಟೂ ಬಲ ಇರಲಿಲ್ಲ. ಆಸ್ಪತ್ರೆಗೆ ಸೇರಿಸಿದ ದಿನವೇ ವೆಂಟಿಲೇಟರ್ ಹಾಕಿದರು. ನ್ಯುಮೋನಿಯಾ ವಾಸಿಯಾಯಿತು, ಯಂತ್ರ ಮಾತ್ರ ಬಿಡಿಸೋಕೆ ಆಗಲಿಲ್ಲ. ಮೂರು ಸಲ ಬಿಡಿಸಿ ನೋಡಿದರು, ಮೂರು ಸಲವೂ ಒಂದು ಗಂಟೆಯೊಳಗೆ ಮಾವ ಬೆವರಿ ಒದ್ದೆಮುದ್ದೆಯಾದರು. ಈಗ ಕುತ್ತಿಗೆಯಲ್ಲಿ ಸಣ್ಣದೊಂದು ತೂತು ಮಾಡಿ ಕೊಳವೆ ಕೂರಿಸಿದ್ದಾರೆ, ಉಸಿರು ಅದರಲ್ಲೇ ಹೋಗಿ ಬರುತ್ತೆ. ಮಾತು ಬರೋದಿಲ್ಲ, ಸ್ಲೇಟಿನ ಮೇಲೆ ಬರೆಯುತ್ತಾರೆ. ಮೊದಲ ಸಲ ಬಳಪ ಕೈಗೆ ಕೊಟ್ಟಾಗ ಬರೆದದ್ದು ಎರಡೇ ಪದ, ‘ಅವಳಿಗೆ ಹೇಳಬೇಡ’. ಕೆಳಗೆ ಗೆರೆ ಬೇರೆ. ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಟ್ಟು ಎದ್ದೆನೋ ಬಿದ್ದೆನೋ ಅಂತ ಓಡಿಬರುತ್ತೀಯ ಅನ್ನೋದು ಅವರ ಹೆದರಿಕೆ. ನಾನೂ ತಲೆಯಾಡಿಸಿದೆ. ಬೈಯೋದಾದರೆ ಇಬ್ಬರಿಗೂ ಹಂಚಿ ಬೈ. ದೊಡ್ಡ ಪಾಲು ನನಗಿರಲಿ.

ಮನುಷ್ಯ ಏನೂ ಬದಲಾಗಿಲ್ಲ. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದ ಕಣ್ಣು ಆಸ್ಪತ್ರೆಯಲ್ಲಾದರೂ ಸುಮ್ಮನಿರುತ್ತಾ? ಒಪ್ಪಿಗೆ ಪತ್ರದಲ್ಲಿ ಎರಡು ಕಾಗುಣಿತ ತಪ್ಪಿತ್ತು. ಅವನ್ನು ತಿದ್ದುವ ತನಕ ಸಹಿ ಹಾಕಲಿಲ್ಲ, ಡಾಕ್ಟರು ಪಕ್ಕದಲ್ಲಿ ಪೆನ್ನಿಗೆ ಕೈಚಾಚಿಕೊಂಡು ನಿಂತೇ ಇದ್ದರು.

ಆ ಡಾಕ್ಟರೇ ಜನವರಿ ಕೊನೆಯಲ್ಲಿ ನನ್ನನ್ನು ಕರೆದು, ಇವರು ಆಸ್ಪತ್ರೆಯಲ್ಲೇ ಇರಬೇಕು ಅಂತೇನಿಲ್ಲ, ಒಂದು ಸಣ್ಣ ವೆಂಟಿಲೇಟರ್ ಕೊಟ್ಟು ಮನೆಗೆ ಕಳಿಸಬಹುದು, ಆದರೆ ಅದನ್ನು ನಡೆಸೋದನ್ನು ಮನೆಯ ಇಬ್ಬರು ಕಲಿತು ಪರೀಕ್ಷೆ ಪಾಸಾಗಬೇಕು ಅಂದರು. ಇಬ್ಬರು ಅಂದಾಗ ಬೆರಳು ಮಡಿಸಿ ನೋಡಿಕೊಂಡೆ. ಒಂದು ಬೆರಳು ಮಡಿಸಿದ್ದಕ್ಕೇ ನಮ್ಮ ಮನೆ ಮುಗಿದುಹೋಯಿತು. ಆದರೂ ಆಗಲಿ ಸಾರ್ ಅಂದೆ. ಮಾವ ಕಿಟಕಿಯ ಕಡೆ ನೋಡುತ್ತಿದ್ದರು. ಆ ಕಿಟಕಿಯಿಂದ ಕಾಣೋದು ಎದುರು ಕಟ್ಟಡದ ಗೋಡೆ, ನೀರಿನ ಪೈಪು, ಅಷ್ಟೇ. ಆರು ವಾರ ಅದನ್ನೇ ನೋಡಿದ್ದರು.

ಪಾಠ ಎರಡನೇ ಮಹಡಿಯ ಒಂದು ಕೋಣೆಯಲ್ಲಿ, ದಿನಾ ಬೆಳಗ್ಗೆ ಹತ್ತಕ್ಕೆ. ಕಲಿಸುವವರು ವೆಂಟಿಲೇಟರ್ ವಿಭಾಗದ ಟೆಕ್ನಿಷಿಯನ್ ಮೇಡಂ, ನಗುವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಬಂದವರ ಹಾಗಿರುತ್ತಾರೆ. ಮೇಜಿನ ಮೇಲೆ ಯಂತ್ರ, ನಮ್ಮ ಹೊಲಿಗೆ ಮಿಷನ್ನಿನ ಅರ್ಧದಷ್ಟಿದೆ. ಅದರ ಕೊಳವೆಯ ತುದಿಗೆ ಒಂದು ರಬ್ಬರ್ ಚೀಲ, ಅದೇ ನಮ್ಮ ಪೇಷಂಟು. ಬಂದವರೆಲ್ಲ ಜೋಡಿ ಜೋಡಿ. ಪುಟ್ಟ ಮಗಳಿಗಾಗಿ ಕಲಿಯೋಕೆ ಬಂದ ಗಂಡ ಹೆಂಡತಿ ಒಂದು ಕಡೆ, ತಾಯಿಗಾಗಿ ಬಂದ ಅಣ್ಣ ತಮ್ಮ ಇನ್ನೊಂದು ಕಡೆ. ಒಬ್ಬರು ಗುಂಡಿ ಒತ್ತಿದರೆ ಇನ್ನೊಬ್ಬರು ಪುಸ್ತಕ ನೋಡಿ ಸರಿ ತಪ್ಪು ಹೇಳುತ್ತಾರೆ. ನನ್ನ ಪಕ್ಕದ ಕುರ್ಚಿಯ ಮೇಲೆ ನನ್ನ ಚೀಲ ಕೂತಿರುತ್ತಿತ್ತು.

ಕಲಿಯೋಕೆ ಶುರುಮಾಡಿದ ಮೇಲೆ ಗೊತ್ತಾಯಿತು, ಉಸಿರಾಡೋದು ಎಷ್ಟು ಲೆಕ್ಕಾಚಾರದ ಕೆಲಸ ಅಂತ. ಪ್ಲಗ್ಗು, ಬ್ಯಾಟರಿ ನೋಡಬೇಕು. ಕೊಳವೆ ಜೋಡಿಸಿ ಗಾಳಿ ಸೋರುತ್ತಾ ಅಂತ ಯಂತ್ರದ ಕೈಯಲ್ಲೇ ಪರೀಕ್ಷೆ ಮಾಡಿಸಬೇಕು. ಆಮೇಲೆ ಒಂದೊಂದು ಉಸಿರಿಗೆ ಎಷ್ಟು ಗಾಳಿ, ನಿಮಿಷಕ್ಕೆ ಎಷ್ಟು ಉಸಿರು, ಒಳಗೆ ಹೋಗೋಕೆ ಎಷ್ಟು ಹೊತ್ತು, ಹೊರಗೆ ಬರೋಕೆ ಎಷ್ಟು ಹೊತ್ತು, ಆಕ್ಸಿಜನ್ ಎಷ್ಟು, ಎಲ್ಲವನ್ನೂ ಡಾಕ್ಟರು ಬರೆದುಕೊಟ್ಟ ಹಾಗೇ ಕೂರಿಸಬೇಕು. ಒಳಗೆ ಹೋಗೋದಕ್ಕಿಂತ ಹೊರಗೆ ಬರೋಕೆ ಹೆಚ್ಚು ಹೊತ್ತು ಕೊಡಬೇಕು, ಇಲ್ಲದಿದ್ದರೆ ಹಳೇ ಗಾಳಿ ಒಳಗೇ ಉಳಿದು ಎದೆ ಬಿಗಿಯುತ್ತೆ. ಕೊನೆಗೆ ಅಲಾರಂ. ಒತ್ತಡ ಹೆಚ್ಚಾದರೆ ಒಂದು ಕೂಗು: ಕಫ ಕಟ್ಟಿರಬಹುದು, ಕೊಳವೆ ಮಡಚಿಕೊಂಡಿರಬಹುದು. ಕಡಿಮೆಯಾದರೆ ಇನ್ನೊಂದು ಕೂಗು: ಕೊಳವೆ ಕಳಚಿದೆ ಅಂತ ಅರ್ಥ. ಮಿಷನ್ ಪೂರ್ತಿ ನಿಂತೇಹೋದರೆ ಕೈಯಲ್ಲೇ ಒಂದು ಚೀಲ ಹಿಸುಕಿ ಉಸಿರು ಕೊಡಬೇಕು. ಮೊದಲ ದಿನ ನಾನು ಗಾಬರಿಯಲ್ಲಿ ಪಟಪಟ ಅಂತ ಹಿಸುಕಿದೆ. ಮೇಡಂ ನನ್ನ ಕೊರಳಲ್ಲಿದ್ದ ಅಳತೆ ಟೇಪು ನೋಡಿ, “ನೀವು ಮಿಷನ್ ತುಳೀತಿಲ್ಲ ಇಲ್ಲಿ. ನಿಮ್ಮ ಉಸಿರು ಹೇಗೆ ಬರುತ್ತೋ ಹಾಗೆ ಕೊಡಿ” ಅಂದರು. ಅಂಗಡಿಯಿಂದ ಸೀದಾ ಬಂದಿದ್ದೆ, ಟೇಪು ತೆಗೆದಿಡೋದು ಮರೆತುಹೋಗಿತ್ತು.

ಸಂಜೆ ಮನೆಗೆ ಬಂದು ಊಟದ ಮೇಜಿನ ಮುಂದೆ ಕೂತು ಜೋರಾಗಿ ಪಾಠ ಒಪ್ಪಿಸುತ್ತಿದ್ದೆ. ಒಂದು ದಿನ ಅಭ್ಯಾಸಬಲದಿಂದ, “ಕೇಳಿಸ್ತಾ?” ಅಂತ ಅಡುಗೆಮನೆ ಕಡೆ ತಿರುಗಿ ಕೂಗಿಬಿಟ್ಟೆ. ನಲ್ಲಿ ತೊಟ್ಟಿಕ್ಕುತ್ತಿತ್ತು. ಎದ್ದು ಹೋಗಿ ಬಿಗಿಮಾಡಿ ಬಂದೆ. ಅವತ್ತಿನಿಂದ ಪಾಠ ಮನಸ್ಸಿನಲ್ಲೇ ಓದಿಕೊಳ್ಳುತ್ತೇನೆ.

ಎರಡನೇ ವಾರ ಒಂದು ಸಂಗತಿ ನಡೆಯಿತು, ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ಮಾವನ ಯಂತ್ರ ಕೆಲವು ದಿನಗಳಿಂದ ಒತ್ತಡ ಹೆಚ್ಚು, ಒತ್ತಡ ಹೆಚ್ಚು ಅಂತ ಕೂಗುತ್ತಲೇ ಇತ್ತು. ಕಫ ತೆಗೆದರು, ಕೊಳವೆ ಬದಲಿಸಿದರು, ಕೂಗು ನಿಲ್ಲಲಿಲ್ಲ. ಪ್ರತಿ ಉಸಿರಿಗೂ ಮಾವ ಮುಖ ಕಿವುಚುತ್ತಿದ್ದರು. ಅವತ್ತು ಪಾಠದಲ್ಲಿ ಮೇಡಂ, ಒಂದು ಉಸಿರಿಗೆ ಎಷ್ಟು ಗಾಳಿ ಅನ್ನೋದನ್ನು ಮೈತೂಕ ನೋಡಿ ಅಲ್ಲ, ಎತ್ತರ ನೋಡಿ ಲೆಕ್ಕ ಹಾಕುತ್ತಾರೆ, ಹೊಟ್ಟೆ ದಪ್ಪವಾದರೆ ಶ್ವಾಸಕೋಶ ದೊಡ್ಡದಾಗಲ್ಲ ಅಂತ ಹೇಳಿಕೊಟ್ಟರು. ಮಧ್ಯಾಹ್ನ ಮಾವನ ಮಂಚಕ್ಕೆ ತಗುಲಿಹಾಕಿದ್ದ ಹಾಳೆ ನೋಡಿದೆ. ಎತ್ತರ ಐದು ಅಡಿ ಹತ್ತು ಅಂಗುಲ ಅಂತಿತ್ತು. ಇಪ್ಪತ್ತೆರಡು ವರ್ಷ ಆ ಮನುಷ್ಯನ ಪ್ಯಾಂಟು ಹೊಲಿದವನು ನಾನು. ಅವರ ಪ್ಯಾಂಟಿನ ಉದ್ದ ಮೂವತ್ತೆಂಟು, ಒಂದು ನೂಲೂ ಹೆಚ್ಚಿಲ್ಲ. ಐದು ಅಡಿ ಹತ್ತು ಅಂಗುಲದವನಿಗೆ ಅದನ್ನು ತೊಡಿಸಿದರೆ ಕಣಕಾಲು ಕಾಣುತ್ತೆ. ಮೇಡಂ ಹತ್ತಿರ ಹೋಗಿ, “ಇದು ಯಾರ ಅಳತೆ ಮೇಡಂ?” ಅಂತ ಕೇಳಿದೆ. ತುರ್ತಿನಲ್ಲಿ ಬಂದವರನ್ನು ಮಲಗಿಸಿಕೊಂಡೇ ಕಣ್ಣಂದಾಜಿನಲ್ಲಿ ಬರೆದಿರ್ತಾರೆ ಅಂದರು. ನಾನು ಕೊರಳಿನಿಂದ ಟೇಪು ತೆಗೆದೆ. ಆಕೆ ಒಂದು ತುದಿ ನೆತ್ತಿಯ ಹತ್ತಿರ ಹಿಡಿದರು, ನಾನು ಹಿಮ್ಮಡಿಯ ಹತ್ತಿರ. ಐದು ಅಡಿ ನಾಲ್ಕೂವರೆ. ಮೇಡಂ ಇನ್ನೊಂದು ಸಲ ಅಳೆಯಿರಿ ಅಂದರು, ಅಳೆದೆ. ಸೀದಾ ಹೋಗಿ ಡಾಕ್ಟರನ್ನು ಕರೆತಂದರು. ಐನೂರ ಎಂಬತ್ತು ಮಿಲಿಲೀಟರ್ ಇದ್ದ ಉಸಿರನ್ನು ನಾನೂರ ಎಂಬತ್ತಕ್ಕೆ ಇಳಿಸಿ, ನಿಮಿಷಕ್ಕೆ ಎರಡು ಉಸಿರು ಹೆಚ್ಚಿಸಿ, ರಕ್ತ ಪರೀಕ್ಷೆ ಮಾಡಿಸಿ, ಒಂದು ಗಂಟೆ ಅಲ್ಲೇ ನಿಂತು ನೋಡಿದರು. ಕೂಗು ನಿಂತಿತು. ಮಾವನ ಹಣೆಯ ಗಂಟು ಬಿಚ್ಚಿಕೊಂಡಿತು. ಕೈಸನ್ನೆ ಮಾಡಿ ಸ್ಲೇಟು ತರಿಸಿಕೊಂಡು ಬರೆದರು: ‘ಈಗ ಹಿಡಿಸ್ತು.’ ದರ್ಜಿಗೆ ಮಗಳನ್ನು ಕೊಡಲ್ಲ ಅಂತ ಒಂದು ವರ್ಷ ಮುಖ ತಿರುಗಿಸಿಕೊಂಡು ಕೂತಿದ್ದ ಮನುಷ್ಯ, ಇವಳೇ. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಆ ಜಂಬ ಐದು ದಿನವೂ ಉಳಿಯಲಿಲ್ಲ. ಪರೀಕ್ಷೆಯ ದಿನ ಎಲ್ಲ ಸರಿಯಾಗಿ ಜೋಡಿಸಿದೆ, ಅಂಕೆಗಳನ್ನೆಲ್ಲ ಕೂರಿಸಿದೆ. ಮೇಡಂ ನನ್ನ ಬೆನ್ನ ಹಿಂದೆ ಏನೋ ಮಾಡಿದರು, ಅಲಾರಂ ಹೊಡೆದುಕೊಂಡಿತು. ನಾನು ಪರದೆ ನೋಡಿದೆ, ಸದ್ದು ನಿಲ್ಲಿಸುವ ಗುಂಡಿ ಒತ್ತಿದೆ, ಪುಸ್ತಕ ತೆಗೆದೆ, ಮತ್ತೆ ಪರದೆ ನೋಡಿದೆ. ಸ್ವಲ್ಪ ಹೊತ್ತಾದ ಮೇಲೆ ಮೇಡಂ, “ನಿಮ್ಮ ಪೇಷಂಟು ಹೋಗಿ ಎರಡು ನಿಮಿಷ ಆಯ್ತು” ಅಂದರು. ರಬ್ಬರ್ ಚೀಲ ಚಪ್ಪಟೆಯಾಗಿ ಬಿದ್ದಿತ್ತು, ಕೊಳವೆ ಪಕ್ಕದಲ್ಲೇ ಕಳಚಿಕೊಂಡು ಕೂತಿತ್ತು. ನಾನು ಒಂದು ಸಲವೂ ಆ ಕಡೆ ತಿರುಗಿರಲಿಲ್ಲ. “ಮೊದಲು ಮನುಷ್ಯನ್ನ ನೋಡಿ, ಆಮೇಲೆ ಮಿಷನ್ ನೋಡಿ. ಇದೊಂದು ಬಂದ್ರೆ ಉಳಿದಿದ್ದು ಬರುತ್ತೆ” ಅಂದರು, ಗದರಿಸಲಿಲ್ಲ. ಗದರಿಸಿದ್ದರೆ ಚೆನ್ನಾಗಿತ್ತು.

ಮೆಟ್ಟಿಲ ಮೇಲೆ ಹೋಗಿ ಕೂತೆ. ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು, ನಾನು ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದೆ. ನಿನಗೆ ಫೋನ್ ಮಾಡೋಣ ಅಂತ ಜೇಬಿನಿಂದ ತೆಗೆದೆ. ಏನಂತ ಮಾಡೋದು? ನಿನ್ನ ಲೆಕ್ಕದಲ್ಲಿ ನಿನ್ನಪ್ಪ ಪಾರ್ಕಿನಲ್ಲಿ ಓಡಾಡುತ್ತಿದ್ದಾರೆ. ನನ್ನ ಕಷ್ಟ ಹೇಳಿಕೊಳ್ಳೋಕೆ ಇದ್ದವಳು ನೀನೊಬ್ಬಳು, ನಿನಗೇ ಸುಳ್ಳು ಹೇಳಿ ಆ ಬಾಗಿಲನ್ನೂ ನಾನೇ ಮುಚ್ಚಿಕೊಂಡಿದ್ದೆ. ಫೋನು ಮತ್ತೆ ಜೇಬಿಗಿಟ್ಟೆ. ಈ ಕಾಗದ ಬರೆಯಬೇಕು ಅಂತ ತೀರ್ಮಾನ ಮಾಡಿದ್ದು ಆ ಮೆಟ್ಟಿಲ ಮೇಲೆ.

ಅಂಗಡಿಗೆ ಬಂದಾಗ ಕಾಜಾ ಅಕ್ಕ, ಅದೇ ನಮ್ಮ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಗುಂಡಿತೂತಿಗೆ ಕಾಜಾ ಹಾಕಿ ಗುಂಡಿ ಹೊಲಿಯುವವಳು, ತಲೆ ಎತ್ತದೆ ಕೇಳಿದಳು: “ಆಸ್ಪತ್ರೇಲಿ ಎರಡನೆಯವರು ಬೇಕಂತೆ?” ಹೂಂ ಅಂದೆ. “ನಿಮಗೆ ಹದಿನೈದು ದಿನದಿಂದ ಗೊತ್ತಿತ್ತಲ್ಲ. ನನ್ನ ಯಾಕೆ ಕೇಳಲಿಲ್ಲ?” ಅವಳಿಗೆ ತೊಂದರೆ ಯಾಕೆ ಅಂತ ಏನೋ ತೊದಲಿದೆ. “ನಿಮಗೆ ಕೇಳೋಕೆ ಬರಲ್ಲ, ಅದು ನಿಮ್ಮ ರೋಗ” ಅಂದು ಹಲ್ಲಿನಿಂದ ದಾರ ಕಡಿದಳು. ಮರುದಿನ ಹತ್ತಕ್ಕೆ ನನ್ನ ಚೀಲವನ್ನು ಕೆಳಗಿಟ್ಟು ಪಕ್ಕದ ಕುರ್ಚಿಯಲ್ಲಿ ಕೂತಳು. ನಾನು ಎರಡು ವಾರದಲ್ಲಿ ಕಲಿತದ್ದನ್ನು ಒಂದು ವಾರದಲ್ಲಿ ಕಲಿತು, ಮೊನ್ನೆ ಶನಿವಾರ ಮೊದಲ ಸಲಕ್ಕೇ ಪಾಸಾದಳು. ನಾನು ಎರಡನೇ ಸಲಕ್ಕೆ. ಈ ಸಲ ಅಲಾರಂ ಹೊಡೆದಾಗ ಪರದೆ ನೋಡಲೇ ಇಲ್ಲ, ಸೀದಾ ರಬ್ಬರ್ ಚೀಲ ನೋಡಿದೆ, ಕೊಳವೆ ಜೋಡಿಸಿದೆ. ಮೇಡಂ ಬೀರುವಿನ ಬೀಗ ತೆಗೆದು ಸ್ವಲ್ಪ ನಕ್ಕರು.

ಗುರುವಾರ ಮಾವ ಮನೆಗೆ ಬರುತ್ತಾರೆ. ಮಂಚವನ್ನು ಹಾಲಿಗೆ ತಂದು ಬೀದಿ ಕಾಣುವ ಕಿಟಕಿಯ ಪಕ್ಕ ಹಾಕಿದ್ದೇನೆ. ಯಂತ್ರಕ್ಕೆ ನಿನ್ನ ಟೀವಿ ಸ್ಟ್ಯಾಂಡು, ಟೀವಿ ಸದ್ಯಕ್ಕೆ ನೆಲದ ಮೇಲೆ. ಹೊಸ ಪ್ಲಗ್ಗು ಹಾಕಿಸಿದೆ, ಕರೆಂಟು ಹೋದರೆ ಆರು ಗಂಟೆ ನಡೆಯುವ ಬ್ಯಾಟರಿ ಇದೆ. ನಿನ್ನೆ ಬೈದದ್ದು ಯಾಕೆ ಗೊತ್ತಾ? ನಾನು ಬರೆದಿಟ್ಟುಕೊಂಡ ಅಲಾರಂ ಪಟ್ಟಿ ತೋರಿಸಿದೆ, ‘ಒತ್ತಡ’ದಲ್ಲಿ ತ ಅಕ್ಷರದ ಒತ್ತು ಬಿಟ್ಟುಹೋಗಿತ್ತಂತೆ. ಹಾಗಾಗಿ ನೀನು ಗಾಬರಿಪಡೋದು ಬೇಡ, ರಜೆಗೆ ಅಲೆದಾಡೋದೂ ಬೇಡ. ಇಲ್ಲಿ ಎಲ್ಲ ವ್ಯವಸ್ಥೆ ಆಗಿದೆ. ಈ ಭಾನುವಾರ ಫೋನ್ ಮಾಡಿದಾಗ ಅವರ ಕಿವಿಗೆ ಹಿಡಿಯುತ್ತೇನೆ, ನೀನು ಮಾತಾಡು, ಅವರು ಬರೆದದ್ದನ್ನು ನಾನು ಓದಿ ಹೇಳುತ್ತೇನೆ. ತಪ್ಪಿಲ್ಲದ ಹಾಗೆ ಓದುತ್ತೇನೆ, ಹೆದರಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು, ತಣ್ಣೀರಿನಲ್ಲಿ ಬಟ್ಟೆ ಒಗೆಯಬೇಡ. ಆ ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ಕಾಜಾ ಅಕ್ಕ ನಿನ್ನನ್ನು ಕೇಳಿದೆ ಅಂತ ಬರೆಯಿರಿ ಅಂದಳು, ಬರೆದಿದ್ದೇನೆ.

ನಿನ್ನ,
ಏನೂಂದ್ರೆ

ಮರೆತಿದ್ದೆ: ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆಯವನು ಬರೋ ಹೊತ್ತು. ನೀನು ಬರೋದು ಬೇಡ ಅನ್ನೋ ಅರ್ಥದಲ್ಲಿ ಮೇಲೆ ಏನೋ ಗೀಚಿದ್ದೀನಲ್ಲ, ಅದು ಮಾವನ ಮಟ್ಟಿಗೆ ನಿಜ. ಅವರನ್ನು ನೋಡಿಕೊಳ್ಳೋಕೆ ಇಬ್ಬರಿದ್ದೇವೆ. ಅವರಿಗೋಸ್ಕರ ಬರಬೇಡ. ನನಗೋಸ್ಕರ ಬಾ. ಹತ್ತು ದಿನ ಸಿಕ್ಕರೂ ಸಾಕು. ನಿನ್ನ ಹತ್ತಿರ ಇಂಥದ್ದನ್ನು ಯಾವತ್ತೂ ಕೇಳಿದವನಲ್ಲ, ಹೇಗೆ ಕೇಳಬೇಕು ಅಂತ ತಿಳಿಯದೆ ಆರು ಹಾಳೆ ವೆಂಟಿಲೇಟರ್ ಬಗ್ಗೆ ಬರೆದೆ.