ಗೋಡೆಯ ಈಚೆಯ ಮರಿಗಳಿಗೂ ಉಸಿರಿದೆ

ಮಾನ್ಯ ಪಶುವೈದ್ಯಾಧಿಕಾರಿಗಳೇ,

ತಮ್ಮ ಆಹ್ವಾನ ತಲುಪಿತು. ನನ್ನ ಓರಗಿತ್ತಿಗೆ, ಅಂದರೆ ನನ್ನ ಮೈದುನನ ಹೆಂಡತಿಗೆ, ಹಿತ್ತಿಲಲ್ಲಿ ಮಾದರಿಯಾಗಿ ಕೋಳಿ ಸಾಕಿದ್ದಕ್ಕೆ ವೇದಿಕೆಯ ಮೇಲೆ ಪ್ರಶಸ್ತಿ ಕೊಡುತ್ತೀರಂತೆ. ಉಸಿರಾಟದ ಕಾಯಿಲೆಗೆ ಸಿಕ್ಕ ಪಕ್ಕದ ಮನೆಯ ಮರಿಗಳನ್ನೂ ಅವಳು ಉಳಿಸಿದಳೆಂದು ಆ ಪಕ್ಕದ ಮನೆಯವಳೇ ಎದ್ದು ನಿಂತು ನಾಲ್ಕು ಒಳ್ಳೆಯ ಮಾತು ಹೇಳಬೇಕಂತೆ. ಆ ಪಕ್ಕದ ಮನೆಯವಳು ನಾನು. ಸತ್ತ ಮರಿಗಳು ನನ್ನವು, ಪ್ರಶಸ್ತಿ ಅವಳದು, ಭಾಷಣ ಮಾತ್ರ ಮತ್ತೆ ನನ್ನ ಪಾಲಿಗೆ. ಈ ಹಂಚಿಕೆಯನ್ನು ಯಾವ ನಿಯಮದ ಪ್ರಕಾರ ಮಾಡಿದಿರಿ ಎಂದು ಸಾರ್ವಜನಿಕವಾಗಿಯೇ ಕೇಳುತ್ತಿದ್ದೇನೆ.

ಇದು ಹೊಟ್ಟೆಕಿಚ್ಚಿನ ಪತ್ರ ಎಂದು ನೀವು ನಗಬಹುದು. ನಗಿ. ಹೊಟ್ಟೆಕಿಚ್ಚೇ, ಮುಚ್ಚುಮರೆ ಏನಿದೆ? ನಮ್ಮ ಎರಡು ಹಿತ್ತಿಲುಗಳ ನಡುವೆ ಇರುವುದು ಒಂದೇ ಗೋಡೆ. ಸೈಕಲ್ಲಿನಲ್ಲಿ ಮರಿ ಮಾರುವವನು ಬಂದಾಗ ಇಬ್ಬರೂ ಒಂದೇ ಬುಟ್ಟಿಯಿಂದ ಮರಿ ಕೊಂಡೆವು. ಹಿರಿಯವಳೆಂದು ಮೊದಲು ಆರಿಸಿದ್ದು ನಾನು. ಚುರುಕಾಗಿದ್ದವನ್ನೆಲ್ಲ ಬಾಚಿಕೊಂಡೆ. ಉಳಿದ ಸಪ್ಪೆ ಮುಖದವನ್ನು ಅವಳು "ಪಾಪ, ಇವೂ ಬೆಳ್ಕೋತಾವೆ ಬಿಡಕ್ಕ" ಎಂದು ಮಡಿಲಿಗೆ ಹಾಕಿಕೊಂಡು ಹೋದಳು. ನೋಡನೋಡುತ್ತಿದ್ದ ಹಾಗೆ ಆ ಸಪ್ಪೆ ಮುಖದವು ಗುಂಡುಗುಂಡಾಗಿ ಹಿತ್ತಿಲ ತುಂಬ ಓಡಾಡತೊಡಗಿದವು. ಅವಳು ಮುಟ್ಟಿದ್ದೆಲ್ಲ ಹೀಗೆಯೇ. ನಾನು ನೆಟ್ಟ ಗುಲಾಬಿ ಒಣಗುತ್ತದೆ, ಅದೇ ಗಿಡದ ರೆಂಬೆ ಅವಳ ಕಡೆ ಹೂ ಬಿಡುತ್ತದೆ. ಇಷ್ಟು ವರ್ಷ ಸಹಿಸಿಕೊಂಡು ಬಂದಿದ್ದೇನೆ ಸ್ವಾಮಿ.

ಆಮೇಲೆ ಕಾಯಿಲೆ ಬಂತು. ಮೊದಲು ಸೀನಿದ್ದು ಅವಳ ಮರಿಗಳು, ಹಿಂದೆಯೇ ನನ್ನವು. ಕಣ್ಣಲ್ಲಿ ನೊರೆ, ಮೂಗಲ್ಲಿ ಸಿಂಬಳ, ಎದೆಯಲ್ಲಿ ಗೊರಗೊರ. ಪುಕ್ಕ ಕೆದರಿಕೊಂಡು, ಬಾಯಿ ತೆರೆದು, ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಆಡಿಸುತ್ತ ಮೂಲೆ ಹಿಡಿದವು. ಮರಿಯೊಂದನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ನಿಮ್ಮ ಆಸ್ಪತ್ರೆಗೆ ಬಂದೆ. ಕಾಂಪೌಂಡರ್ ಚೀಲದೊಳಗೆ ಇಣುಕಿ ನೋಡಿ, "ಇದಾ? ಸಾಹೇಬ್ರು ಫಾರಂ ವಿಸಿಟ್‌ಗೆ ಹೋಗಿದ್ದಾರೆ ಅಮ್ಮ. ಒಂದು ಮರಿಗೆಲ್ಲ ಕಾಯ್ಕೊಂಡು ಕೂತ್ರೆ ಆಗುತ್ತಾ? ಹಸು ಗಿಸು ಇದ್ರೆ ಹೇಳಿ" ಎಂದ. ಬಿಸಿಲಲ್ಲಿ ವಾಪಸ್ ನಡೆದು ಬಂದರೆ, ಅಬ್ಬಬ್ಬಾ, ನಿಮ್ಮ ಜೀಪು ನನ್ನ ಓರಗಿತ್ತಿಯ ಗೇಟಿನಲ್ಲೇ ನಿಂತಿದೆ!

ಜೀಪಿನ ಬ್ರೇಕು ಕೆಟ್ಟಿತ್ತಂತೆ, ನನ್ನ ಮೈದುನ ಮೆಕ್ಯಾನಿಕ್ಕಂತೆ, ಅದಕ್ಕೆ ಬಂದಿದ್ದಿರಂತೆ. ಎಲ್ಲ ಗೊತ್ತಾಗಿದ್ದು ಆಮೇಲೆ. ಆಗ ನನ್ನ ಕಣ್ಣಿಗೆ ಬಿದ್ದದ್ದು ಒಂದೇ: ಗೋಡೆಯ ಆಚೆ ನೀವು ಅವಳ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮರಿಯ ಕೊಕ್ಕು ಬಿಡಿಸಿ, ಸಾವಧಾನವಾಗಿ ವಿವರಿಸುತ್ತಿದ್ದಿರಿ. ಅವಳು ಕರೆದಿರಲೂ ಇಲ್ಲ! ಕರೆಯಲು ಹೋದವಳು ನಾನು. ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಂತು ನೋಡಿದೆ. ಕೂಗಿ ಕರೆಯಬಹುದಿತ್ತಲ್ಲ ಎನ್ನುತ್ತೀರೇನೋ. ಅವಳ ಮನೆಗೆ ತಾವಾಗಿಯೇ ಬಂದವರನ್ನು ನಾನು ಬಕೆಟ್ ಮೇಲಿಂದ ಅಂಗಲಾಚಬೇಕಿತ್ತೇ? ಮಾನ ಮರ್ಯಾದೆ ಅನ್ನುವುದು ಕೋಳಿ ಸಾಕುವವರಿಗೂ ಇರುತ್ತದೆ.

ನೀವು ಓದಿದವರು. ಒಂದು ಹಿತ್ತಿಲಿನ ಮರಿ ಸೀನಿದರೆ ಪಕ್ಕದ ಹಿತ್ತಿಲಿಗೂ ಅಪಾಯ ಎಂಬುದು ನಿಮಗೆ ತಿಳಿಯದೇ? ಅವಳ ಕಡೆಯ ನೀರಿನ ಬೋಗುಣಿಯಲ್ಲಿ ಕೊಕ್ಕು ಅದ್ದಿದ ಗುಬ್ಬಿಯೇ ಹಾರಿ ಬಂದು ನನ್ನ ಬೋಗುಣಿಯಲ್ಲೂ ಅದ್ದುತ್ತದೆ. ಅವಳ ಹಿತ್ತಿಲನ್ನು ತುಳಿದ ಚಪ್ಪಲಿಯಲ್ಲೇ ನಮ್ಮ ಮನೆಯವರು ಇತ್ತ ಬರುತ್ತಾರೆ. ತಲೆ ಎತ್ತಿ "ಪಕ್ಕದವರೂ ಸಾಕಿದ್ದಾರಾ?" ಎಂದು ಒಂದು ಮಾತು ಕೇಳಿದ್ದರೆ ನಿಮ್ಮ ಗಂಟು ಏನು ಹೋಗುತ್ತಿತ್ತು?

ನೀವು ಕೇಳಲಿಲ್ಲ. ಹಾಗಾಗಿ ನಾನು ಕಂಡದ್ದನ್ನೇ ಕಲಿತೆ. ನೀವು ಹೋದ ಮೇಲೆ ಅವಳು ಗೂಡಿಗೆ ನೀಲಿ ಟಾರ್ಪಾಲು ಹೊದಿಸಿದಳು. ಬಕೆಟ್ ಮೇಲಿಂದ ನನಗೆ ಕಂಡದ್ದು ಗೂಡಿನ ಮಾಡು ಮತ್ತು ಇತ್ತ ಕಡೆಯ ಪಕ್ಕ ಮಾತ್ರ. ಓಹೋ, ಬೆಚ್ಚಗಿಡುವುದೇ ಗುಟ್ಟು ಎಂದುಕೊಂಡೆ. ನಾನು ದರ್ಜಿ. ಅವಳಂತೆ ಟಾರ್ಪಾಲು ಎಸೆದು ಕಲ್ಲು ಇಡುವವಳಲ್ಲ. ಗೂಡಿನ ಅಳತೆ ತೆಗೆದು, ಟಾರ್ಪಾಲನ್ನು ನಾಲ್ಕೂ ಪಕ್ಕಕ್ಕೆ ಕತ್ತರಿಸಿ, ಮಿಷನ್ನಿನಲ್ಲಿ ಎರಡೆರಡು ಹೊಲಿಗೆ ಹಾಕಿ, ಎಲ್ಲಿಯೂ ಸಡಿಲವಿಲ್ಲದ ಹಾಗೆ ಕವಚ ತೊಡಿಸಿದೆ. ಎಂಥ ಅಂದದ ಕೆಲಸ ಅಂತೀರಿ! ಅವಳ ಗೂಡಿಗಿಂತ ನನ್ನದೇ ಚೆನ್ನಾಗಿ ಕಂಡಾಗ ಹೊಟ್ಟೆ ತಣ್ಣಗಾಯಿತು. ಒಳಗೆ ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟು ಹಿಕ್ಕೆ ಬಿದ್ದು ಹಸಿಯಾಗಿ, ಕಾವಿಗೆ ಕೊಳೆಯುತ್ತಿತ್ತು. ಮರಿಗಳು ಒಂದೊಂದಾಗಿ ಮಲಗಿದವು, ಕೆಲವು ಮತ್ತೆ ಏಳಲೇ ಇಲ್ಲ.

ನಮ್ಮ ಯಜಮಾನರು, "ಕೋಳಿಗೆ ನೆಗಡಿ, ನಿಂಗೆ ಹೊಟ್ಟೆಯುರಿ. ಯಾವುದಕ್ಕೆ ಮೊದ್ಲು ಡಾಕ್ಟ್ರನ್ನ ಕರೀಲಿ?" ಎಂದರು. ಆಡಿಕೊಂಡರೂ, ಹೋಗಿ ತಮ್ಮನ ಹೆಂಡತಿಗೆ ಹೇಳಿಯೂಬಿಟ್ಟರು. ಅವಳು ಕೈಕಾಲು ತೊಳೆದು, ಚಪ್ಪಲಿ ಗೇಟಿನಾಚೆ ಬಿಟ್ಟು ಓಡಿ ಬಂದಳು.

"ಅಕ್ಕಾ, ಒಂದ್ಸಲ ಮರಿ ಇರೋ ಎತ್ತರಕ್ಕೆ ಬಗ್ಗಿ ಮೂಸಿ ನೋಡು."

ಬಗ್ಗಿದೆ. ಮೂಗಿಗೆ ಘಾಟು ಬಡಿದು ಕಣ್ಣಲ್ಲಿ ನೀರು ಸುರಿಯಿತು.

"ಟಾರ್ಪಾಲು ಗಾಳಿ ಹೊಡೆಯೋ ಕಡೆಗೆ ಮಾತ್ರ ಕಣಕ್ಕ. ಇನ್ನೊಂದು ಕಡೆ ಪೂರ್ತಿ ತೆರೆದೇ ಬಿಟ್ಟಿದೀನಿ. ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗ್ಬೇಕು ಅಂತ ಸಾಹೇಬ್ರು ಹತ್ತು ಸಲ ಹೇಳಿದ್ರು. ನನ್ನನ್ನ ಒಂದ್ಮಾತು ಕೇಳೋದಲ್ವಾ?"

ಕೇಳುವುದಂತೆ! ಅವಳು ನನ್ನ ಬಟ್ಟೆ ಕತ್ತರಿಯನ್ನೇ ಎತ್ತಿಕೊಂಡು, ನನ್ನ ಹೊಲಿಗೆಯನ್ನು ಪರಪರ ಸೀಳಿದಳು. ಹಸಿ ಹೊಟ್ಟು ಬಾಚಿ ಒಣ ಹೊಟ್ಟು ಹರಡಿದಳು. ಉಸಿರಿಗೆ ಒದ್ದಾಡುವವನ್ನು ಬೇರೆ ಪೆಟ್ಟಿಗೆಗೆ ಹಾಕಿ, ಉಗುರುಬೆಚ್ಚನೆಯ ನೀರಲ್ಲಿ ಅವುಗಳ ಕಣ್ಣು ಒರೆಸಿದಳು. ಚೆನ್ನಾಗಿರುವವಕ್ಕೆ ಮೊದಲು ಕಾಳು ಹಾಕು, ಕಾಯಿಲೆಯವನ್ನು ಕೊನೆಗೆ ಮುಟ್ಟು ಎಂದು ನನಗೇ ಪಾಠ ಹೇಳಿದಳು. ಔಷಧಿ ಕೇಳಿದರೆ ಮಾತ್ರ ಕೊಡಲಿಲ್ಲ. "ನನ್ನ ಮರಿಗೆ ಬರೆದಿದ್ದು ನಿನ್ನ ಮರಿಗೆ ಆಗುತ್ತೋ ಇಲ್ವೋ, ಸಾಹೇಬ್ರು ನೋಡೇ ಹೇಳ್ಬೇಕು" ಎಂದಳು. ನಿಮ್ಮ ಕಾಂಪೌಂಡರನ ಬಳಿ ಅವಳೇ ಹೇಳಿ ಕಳಿಸಿದಳು. ನೀವು ಬರಲಿಲ್ಲ, ನಿಮ್ಮ ಆಹ್ವಾನ ಬಂತು.

ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ. ಅವಳಿಗೆ ಹೇಳಿದ ಆ ನಾಲ್ಕು ಮಾತನ್ನು ಎಲ್ಲರಿಗೂ ಕಾಣುವ ಹಾಗೆ ಆಸ್ಪತ್ರೆಯ ಬಾಗಿಲಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ ಹಾಕಿ. ಚೀಲದಲ್ಲಿ ಮರಿ ತಂದವರನ್ನು ಹಸು ಇದೆಯೇ ಎಂದು ಕೇಳುವುದನ್ನು ನಿಲ್ಲಿಸಿ. ಕಾಯಿಲೆ ಬಿದ್ದ ಒಂದು ಹಿತ್ತಿಲಿಗೆ ಕಾಲಿಟ್ಟರೆ ಅಕ್ಕಪಕ್ಕದ ಹಿತ್ತಿಲುಗಳನ್ನೂ ನೋಡಿಯೇ ಹೋಗಿ. ಸಮಾರಂಭಕ್ಕೆ ನಾನು ಬರುತ್ತೇನೆ, ಅವಳು ಉಳಿಸಿದಳೆಂದು ಮೈಕಿನಲ್ಲೇ ಹೇಳುತ್ತೇನೆ. ಸುಳ್ಳು ಹೇಳುವ ಜಾತಿಯವಳಲ್ಲ ನಾನು. ಆದರೆ ಅದಕ್ಕೂ ಮೊದಲು ನೀವು ನಮ್ಮ ಮನೆಗೆ ಬರಬೇಕು.

ತಡ ಮಾಡಬೇಡಿ. ಪೆಟ್ಟಿಗೆಯಲ್ಲಿರುವವು ಇನ್ನೂ ಗೊರಗೊರ ಎನ್ನುತ್ತಿವೆ. ಬೆಳಗಿನಿಂದ ನಾನು ಕೊಕ್ಕಿನ ಹತ್ತಿರ ನೀರು ಹಿಡಿದರೆ ಮುಖ ತಿರುಗಿಸುತ್ತವೆ. ಈಗ, ಇದನ್ನು ಬರೆಯುತ್ತಿರುವಾಗ, ಅವಳು ನನ್ನ ಹಿತ್ತಿಲಲ್ಲಿ ಕೂತಿದ್ದಾಳೆ, ಮತ್ತು ನನ್ನ ಮರಿಗಳು ಅವಳ ಅಂಗೈಯಿಂದ ನೀರು ಕುಡಿಯುತ್ತಿವೆ.

ಇಂತಿ,
ಕುಡಿಯಲಿ ಎಂದು ಬೇಡಿಕೊಳ್ಳುತ್ತಲೇ ಹೊಟ್ಟೆ ಉರಿದುಕೊಳ್ಳುತ್ತಿರುವ,
ಗೋಡೆಯ ಈಚೆಯ ದರ್ಜಿ