ಕೆಂಪು ಕಪ್ಪಾಗುವ ಫಿಲಂ

7-2-2006, ಮಂಗಳವಾರ

ಇವತ್ತೂ ಎರಡು ಫಿಲಂ ಹಾಳು. ಒಂದಕ್ಕೆ ಉಗುರಿನ ಗೀರು, ಇನ್ನೊಂದು ಪೂರಾ ಮಸಿ. ಮುಚ್ಚಿಹೋದ ಸ್ಟುಡಿಯೋದಿಂದ ಹೊತ್ತು ತಂದ ಮರದ ಕ್ಯಾಮೆರಾ. ನನ್ನ ತಾತನಿಗಿಂತ ಹಳೆಯದು. ಇನ್ನೂ ನನ್ನನ್ನು ಪರೀಕ್ಷಿಸುತ್ತಿದೆ. ಎಲೈ ಪೆಟ್ಟಿಗೆಯೇ, ಈ ಗುಂಡ್ಲುಪೇಟೆ ಗುರುಸ್ವಾಮಿ ಸೋಲುವ ಆಸಾಮಿಯಲ್ಲ! ಕೂಗಿಯೇ ಹೇಳಿದೆ. ಇಪ್ಪತ್ತು ವರ್ಷ ರಾಜಪಾರ್ಟು ಮಾಡಿದ ಗಂಟಲು. ಗೋಡೌನಿನ ಇಲಿಗಳು ದಿಕ್ಕಾಪಾಲಾದವು.

ಫಿಲಂ ತೊಳೆಯುವುದೂ ಆ ಗೋಡೌನಿನಲ್ಲೇ — ಬಾಡಿಗೆಗೆ ಕೊಡುವ ಡ್ರಾಮಾ ಡ್ರೆಸ್ಸು, ಕಿರೀಟ, ಗದೆಗಳ ನಡುವೆ. ಕಿಟಕಿಗೆ ಅರಮನೆ ಪರದೆ, ಬಾಗಿಲಿಗೆ ಸ್ಮಶಾನದ ಪರದೆ. ಯುದ್ಧದ ಸೀನಿಗೆ ಉರಿಸುವ ಕೆಂಪು ಬಲ್ಬು. ಫಿಲಂ ಮಾತ್ರ ಗೆಳೆಯ ಮಾದಣ್ಣನ ದಯೆ. ಚಾಮರಾಜನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆಯುತ್ತಾನೆ. ಡೇಟು ಮುಗಿದ ಫಿಲಂ ಕೊಡುತ್ತಾನೆ. ಕತ್ತರಿಸಿ ಕ್ಯಾಮೆರಾದ ಚೌಕಟ್ಟಿಗೆ ಸಿಕ್ಕಿಸುತ್ತೇನೆ. "ಇದ್ಕೆ ಕೆಂಪು ಕಾಣದು ಕಣ್ಲಾ. ಕಪ್ಪಾಗ್ ಬತ್ತದೆ. ನೀಲಿ ಬೆಳ್ಳಗಾಯ್ತದೆ. ಅದ್ರ ಕಣ್ಣೇ ಬ್ಯಾರೆ" ಅಂದಿದ್ದ. ಸತ್ಯ. ರಾಜಪಾರ್ಟಿನ ಕೆಂಪು ಕೋಟು ಫೋಟೋದಲ್ಲಿ ವಕೀಲರ ಕೋಟಾಯಿತು!

ಹೆಂಡತಿ ಶಿವರುದ್ರಮ್ಮ ಇವತ್ತೂ ಉಮ್ಮತ್ತೂರಿಗೆ, ತವರಿಗೆ. ಹೋದ ಮಂಗಳವಾರವೂ ಹೋಗಿದ್ದಳು. ಅದರ ಹಿಂದಿನದೂ. ಇಷ್ಟು ವರ್ಷ ಇಲ್ಲದ ತವರಿನ ಮೋಹ ಈಗ ಎಲ್ಲಿಂದ ಬಂತು?

9-2-2006

ಬೆಳಗ್ಗೆ ತಿಂಡಿಯಾದ ಮೇಲೆ ಹಿತ್ತಿಲಿಗೆ ಹೋಗಿ ಬಿಸಿಲಲ್ಲಿ ಕೂರುತ್ತಾಳೆ. ದಿನವೂ. ನುಗ್ಗೆ ಮರದ ನೆರಳು ಬಿಟ್ಟು ಬಿಸಿಲೇ ಬೇಕು. ಕೈಯಲ್ಲಿ ಅವರೆಕಾಯಿ ಇಲ್ಲ, ಅಕ್ಕಿಯ ಮೊರ ಇಲ್ಲ. ಮುಖ — ಗೋಡೆಯ ಕಡೆಗೆ.

ಗೋಡೆಯಾಚೆ ಯಾರು? ಫಾರೆಸ್ಟ್ ಗಾರ್ಡ್ ಮಲ್ಲಿಕಾರ್ಜುನಸ್ವಾಮಿ. ಒಂಟಿ ಬಾಡಿಗೆದಾರ. ಮೀಸೆ. ಬೈಕು. ರಾತ್ರಿ ಬಂಡೀಪುರದಲ್ಲಿ ಡ್ಯೂಟಿ, ಹಗಲೆಲ್ಲ ಮನೆ!

"ಒಬ್ಳೇ ಕುಂತ್ಕಂಡು ಏನ್ ಮಾಡ್ತಿದ್ದೀಯಮ್ಮಿ?"

"ಬಿಸ್ಲು ಕಾಯಿಸ್ಕತಾ ಇವ್ನಿ."

"ಈ ಸುಡೋ ಬಿಸ್ಲಾ?"

"ಬಿಸ್ಲಿಗೂ ನಿಮ್ಮ ಪರ್ಮಿಷನ್ ಬೇಕಾ?"

ಸೆರಗನ್ನು ಕುತ್ತಿಗೆಗೆ ಎಳೆದುಕೊಂಡಳು. ಏನೋ ಎಣ್ಣೆಯ ಘಾಟು. ತಲೆಗೆ ಹಚ್ಚುವುದಲ್ಲ. ಹೊರಗೆ ಹೊರಟರೆ ಸ್ನೋ, ಪೌಡರು ಬೇರೆ, ಮದುವಣಗಿತ್ತಿಯ ಹಾಗೆ. ಯಾರಿಗಾಗಿ ಈ ಅಲಂಕಾರ?

10-2-2006, ಬೆಳಗ್ಗೆ

ಕಾಡಿನ ಸೀನಿನ ಪರದೆಯನ್ನು ಒಣಗಿಸುವ ನೆವದಲ್ಲಿ ಹಿತ್ತಿಲಲ್ಲಿ ಕಟ್ಟಿದೆ. ಅದರಲ್ಲಿ ಬರೆದಿರುವ ಹುಲಿಯ ಬಾಯಿ ಮೊದಲೇ ಹರಿದಿತ್ತು. ಲೆನ್ಸಿಗೆ ಸರಿಹೋಯಿತು. ಹುಲಿಯ ಹಿಂದೆ ನಾನು, ಕಪ್ಪು ಬಟ್ಟೆ ಹೊದ್ದು, ಉಸಿರು ಹಿಡಿದು. ಬಂದಳು. ಕೂತಳು. ಮುಖ ಎತ್ತಿದಳು... ಮುಚ್ಚಳ ತೆಗೆದೆ, ಹಾಕಿದೆ.

ಸಾಕ್ಷಿ ಸಿಕ್ಕಿತು!

ಅದೇ ದಿನ, ಸಂಜೆ

ಸಾಕ್ಷಿ ಇಲ್ಲ. ಗೋಡೆಯ ಮೇಲೆ ತಲೆಯಿಲ್ಲ, ಮೀಸೆಯಿಲ್ಲ. ಈಗ ಯೋಚಿಸಿದರೆ, ಆಗ ಗೋಡೆಯಾಚೆಯಿಂದ ಕೇಳಿಸಿದ್ದು ಗೊರಕೆ. ಫೋಟೋದಲ್ಲಿ ಅವಳೊಬ್ಬಳೇ, ಕಣ್ಣು ಮುಚ್ಚಿಕೊಂಡು ಸೂರ್ಯನಿಗೆ ಮುಖ ಕೊಟ್ಟಿದ್ದಾಳೆ. ತುಟಿಯ ಪಕ್ಕ ಒಂದು ಬಿಳಿ ಕಲೆ. ಕಿವಿಯ ಕೆಳಗೆ ಇನ್ನೊಂದು.

ನೀರಿನ ಹನಿ ಬಿದ್ದಿರಬೇಕು. ಇಲ್ಲವೇ ಫಿಲಮ್ಮೇ ಕೊಳೆತಿದೆ. ಮಾದಣ್ಣ ಕಸ ಕೊಟ್ಟು ಉಪಕಾರ ಮಾಡಿದವನಂತೆ ಆಡುತ್ತಾನೆ.

13-2-2006

ಮತ್ತೆ ಹುಲಿಯ ಬಾಯಿ. ಹೊಸ ತುಂಡು ಫಿಲಂ, ಹೊಸದಾಗಿ ಕಲಸಿದ ಡೆವಲಪರು. ಅದೇ ಜಾಗದಲ್ಲಿ, ಅದೇ ಆಕಾರದ ಕಲೆ. ಪಕ್ಕದಲ್ಲಿ ಒಣಹಾಕಿದ್ದ ರಾಣಿಯ ಡ್ರೆಸ್ಸಿನ ಮೇಲೆ ಒಂದು ಚುಕ್ಕಿಯೂ ಇಲ್ಲ. ಹನಿ ಎರಡು ಸಲ ಒಂದೇ ಕಡೆ ಬೀಳುತ್ತದೆಯೇ?

ಊಟಕ್ಕೆ ಕೂತಾಗ ದಿಟ್ಟಿಸಿ ನೋಡಿದೆ. ಪೌಡರು. ಏನೂ ಕಾಣಲಿಲ್ಲ. "ಏನ್ರೀ ಅಂಗ್ ನೋಡ್ತೀರಿ, ಮೊದ್ಲ ಕಿತ ನೋಡ್ದಂಗೆ?" ಅಂದು ಎದ್ದುಹೋದಳು.

ಸುಳ್ಳು ಹೇಳುತ್ತಿರುವುದು ಫಿಲಂ. ಇಲ್ಲವೇ ನನ್ನ ಮನೆ.

14-2-2006, ಮಂಗಳವಾರ

ಅವಳು ಹೊರಟ ಮೇಲೆ ಮುಂದಿನ ಬಸ್ಸಿಗೆ ನಾನೂ ಹತ್ತಿದೆ. ಚಾಮರಾಜನಗರಕ್ಕೆ. ಮಾದಣ್ಣನ ಮುಂದೆ ಎರಡೂ ನೆಗೆಟಿವ್ ಎಸೆದೆ. ಮೂಳೆ ನೋಡುವ ಲೈಟಿಗೆ ಹಿಡಿದ. ಬಹಳ ಹೊತ್ತು ನೋಡಿದ. ಎದ್ದು ಬಾಗಿಲು ಹಾಕಿದ.

"ಫಿಲಂ ನೆಟ್ಗೇ ಅದೆ ಕಣ್ಲಾ."

"ಮತ್ತೆ ಈ ಕಲೆ?"

"ಬರೀ ಕಣ್ಗೆ ಮಂಕಾಗ್ ಕಾಣದು ಇದ್ರಲ್ಲಿ ಎದ್ದು ಕಾಣ್ತದೆ. ಇದ್ರ ಕಣ್ಣೇ ಬ್ಯಾರೆ ಅಂದಿದ್ನಲ್ಲ..." ದನಿ ತಗ್ಗಿಸಿದ. "ಚರ್ಮದ ಡಾಕ್ಟ್ರು ಇಲ್ಲಿಗೆ ಬರೋದು ಮಂಗಳವಾರ. ಕಿಟ್ಕೀಲಿ ನೋಡು."

ಆಚೆ ಬೆಂಚಿನ ಮೇಲೆ ಕೂತಿದ್ದಾಳೆ ನನ್ನ ರುದ್ರಿ. ಬಾಯಿಗೆ ಸೆರಗು ಅಡ್ಡ. ಕೈಯಲ್ಲಿ ಚೀಟಿ.

ತೊನ್ನು.

"ಎಣ್ಣೆ ಬಳ್ಕಂಡು ಬಿಸ್ಲಲ್ಲಿ ಕೂರು ಅಂತ ಡಾಕ್ಟ್ರೇ ಏಳವ್ರೆ. ನಿಂಗೇಳ್ಬಾರ್ದು ಅಂತ ನನ್ ಕೈಲಿ ಆಣೆ ಮಾಡ್ಸವ್ಳೆ ಕಣಪ್ಪ. ನಾನೇನ್ ಮಾಡ್ಲಿ?"

ಅವಳ ಕಣ್ಣಿಗೆ ಬೀಳದೆ ಬಸ್ಸು ಹತ್ತಿದೆ. ಮಾದಣ್ಣನಿಗೆ ಗೊತ್ತು, ಡಾಕ್ಟರಿಗೆ ಗೊತ್ತು. ನನಗೆ ಮಾತ್ರ ಇಲ್ಲ. ನಾನು ಅವಳನ್ನು ಅನುಮಾನಿಸಿದೆ ಅಂದುಕೊಂಡಿದ್ದೆ. ಅವಳು ಯಾವಾಗಿನಿಂದ ನನ್ನನ್ನು...

23-2-2006

ಗೋಡೌನಿನಲ್ಲಿ ಸಿಕ್ಕಿಬಿದ್ದೆ. ಪೊರಕೆ ಹುಡುಕಿಕೊಂಡು ಬಂದವಳು ನೆಗೆಟಿವ್ ಕಂಡು ಬೆಳಕಿಗೆ ಹಿಡಿದಳು.

"ಮೈಯೆಲ್ಲ ಬೆಳ್ಳಗವ್ನಿ. ಆ ಜಾಗ ಮಾತ್ರ ಕರ್ರಗದೆ." ನೆಗೆಟಿವ್ ಕೆಳಗಿಳಿಸಿ, "ಪರ್ದೆ ಹಿಂದ್ಲಿಂದ ಕದ್ದು ತೆಗ್ದ್ರಾ? ಯಾಕೆ?"

ಗಾರ್ಡಿನ ಹೆಸರು ಹೇಳಿದೆ. ನಕ್ಕೇಬಿಟ್ಟಳು. "ಆ ಗೊರ್ಕೆ ಮನ್ಸನಾ!" ನಗುತ್ತಲೇ ಕಣ್ಣೊರೆಸಿಕೊಂಡಳು.

"ನಂಗ್ಯಾಕೆ ಹೇಳ್ನಿಲ್ಲ?"

"ನಿಮ್ಗೇಳೋದೂ ಒಂದೇ, ಮೈಕ್‌ಗೇಳೋದೂ ಒಂದೇ. ನಮ್ಮಪ್ಪನ ಮೂಲವ್ಯಾಧಿ ಆಪರೇಷನ್ನ ಟೀ ಅಂಗ್ಡೀಲಿ ಸೀನ್ ಕಟ್ಟಿ ಆಡ್ದೋರ್ಯಾರು? ತಂಗಿ ರಮ್ಯನ್ನ ನೋಡಕ್ಕೆ ಬರೋ ತಿಂಗ್ಳು ಗಂಡಿನೋರು ಬತ್ತಾವ್ರೆ. ಅವ್ಳಕ್ಕಂಗೆ ತೊನ್ನು ಅಂತ ಗೊತ್ತಾದ್ರೆ ತಿರ್ಗ್ ನೋಡ್ತಾರಾ?"

ರಾಜಪಾರ್ಟಿನ ಆಸಾಮಿ ಪೊರಕೆ ಹುಡುಕಿ ಅವಳ ಕೈಗೆ ಕೊಟ್ಟೆ.

24-2-2006

ಟೀ ಅಂಗಡಿ. ಮೂಗಯ್ಯ ಶುರುಮಾಡಿದ. ಅವನಿಗೆ ಟೀಗಿಂತ ಸುದ್ದಿಯೇ ರುಚಿ.

"ಏನ್ ಗುರುಸ್ವಾಮಣ್ಣ, ಹುಲಿ ಹಿಂದ್ಗಡೆ ಕುಂತು ಸಿನಿಮಾ ತೆಗೀತಿದ್ದಂತೆ? ಅತ್ತಿಗೆ ಮಂಗಳವಾರ ಮಂಗಳವಾರ ನಗರದ ಆಸ್ಪತ್ರೆಗೆ ಓಯ್ತವ್ರಂತಲ್ಲ, ಏನ್ ಸಮಾಚಾರ?"

ಎಲ್ಲರ ಲೋಟ ಬಾಯಿಯ ಹತ್ತಿರ. ಎಂಥ ಸಭೆ! ನಾಲಿಗೆ ತುದಿ ತುರಿಸಿತು. ಎದ್ದು ನಿಂತೆ. ಶಲ್ಯ ಕೊಡವಿದೆ.

"ಏಳ್ತೀನಿ ಕೇಳ್ಲಾ! ಮೂಲವ್ಯಾಧಿ! ನಂಗೆ!"

ಆಮೇಲೆ ಬಿಡಲಿಲ್ಲ. ಕೂರಲಾರದ ಅರಸನ ಸಿಂಹಾಸನದ ಸೀನು ಕಟ್ಟಿದೆ. ನಾಚಿಕೆಗೆ ನಾನೇ ಡಾಕ್ಟರ ಹತ್ತಿರ ಹೋಗದೆ ಹೆಂಡತಿಯನ್ನು ಔಷಧಿಗೆ ಅಟ್ಟಿದ ಸೀನು. ಬೆಂಚಿನ ತುದಿಯಲ್ಲಿ ಅರ್ಧ ಕೂತು ನರಳಿದೆ. ಮೂಗಯ್ಯನಿಗೆ ಟೀ ಮೂಗಿಗೆ ಹತ್ತಿತು.

ಕತ್ತಲಾಗುವ ಹೊತ್ತಿಗೆ ಸುದ್ದಿ ಮನೆ ಮುಟ್ಟಿತ್ತು. ತಟ್ಟೆಯಿಟ್ಟು ಬಡಿಸಿದಳು. ಪಕ್ಕಕ್ಕೆ ಒಂದು ದಿಂಬು ತಂದಿಟ್ಟಳು.

"ಯಾಕಮ್ಮಿ?"

"ನೋಯ್ತದಲ್ಲ. ಇದ್ರ ಮ್ಯಾಲೆ ಕೂತ್ಕಳಿ."

ಮುಖ ಆಕಡೆ ತಿರುಗಿಸಿದ್ದಳು. ಹೆಗಲು ಕುಲುಕುತ್ತಿತ್ತು. ನಗುವೋ ಅಳುವೋ, ಗೊತ್ತಾಗಲಿಲ್ಲ.

26-2-2006, ಭಾನುವಾರ

ಬೆಳಗ್ಗೆ ತಾನೇ ಬಂದು ಕ್ಯಾಮೆರಾದ ಎದುರು ಕೂತಳು. ಮುಖ ತೊಳೆದು, ಕುಂಕುಮ ಇಟ್ಟು. ಪೌಡರಿಲ್ಲ.

"ತೆಗೀರಿ. ಎದ್ರಿಗೇ."

"ಮಾಮೂಲಿ ರೀಲಿನ ಕ್ಯಾಮೆರಾದಲ್ಲಿ ತೆಗೀಲಾ? ಅದ್ರಲ್ಲಿ ಅಷ್ಟಾಗಿ ಕಾಣದು."

"ಬುಡಿ, ಇದೇ ಇರ್ಲಿ." ಸೆರಗು ಸರಿಮಾಡಿಕೊಂಡಳು. "ಯಾರ್ಯಾರ್ಗೆ ತೋರಿಸ್ತೀರಿ?"

"ಯಾರ್ಗೂ ಇಲ್ಲ."

"ನೋಡನ" ಅಂದಳು. ಇನ್ನೂ ಪೂರಾ ನಂಬಿಕೆ ಬಂದಿಲ್ಲ. ಬರಬೇಕೆಂದು ಕೇಳುವ ಮುಖ ನನಗೂ ಇಲ್ಲ.

ಮಧ್ಯಾಹ್ನ. ಕೆಂಪು ಬಲ್ಬಿನ ಕೆಳಗೆ ಗದೆಯ ಪೆಟ್ಟಿಗೆ ಮೇಲೆ ಕೂತು ಇದನ್ನು ಗೀಚುತ್ತಿದ್ದೇನೆ. ಫೋಟೋ ಕಾಗದ ಡೆವಲಪರಿನ ಟ್ರೇಯಲ್ಲಿ ಮುಳುಗಿದೆ. ಅಲ್ಲಾಡಿಸುವುದು ಅವಳೇ, ಮೊರ ಕೇರುವ ಕೈ, ನನಗಿಂತ ಹದ. ಮೊದಲು ಬಂದದ್ದು ಕುಂಕುಮ, ಕಪ್ಪಗೆ, ದುಂಡಗೆ. ಆಮೇಲೆ ಕಣ್ಣು. ಹುಬ್ಬು. ತುಟಿಯ ಗೆರೆ. ಆ ಜಾಗ ಇನ್ನೂ ಖಾಲಿ ಕಾಗದದ ಹಾಗೆ ಬೆಳ್ಳಗೆ.

ಟ್ರೇ ನಿಂತಿತು. ಅವಳು ಫೋಟೋ ನೋಡುತ್ತಿಲ್ಲ. ನನ್ನ ಮುಖ ನೋಡುತ್ತಿದ್ದಾಳೆ. ಪೆನ್ನು ಕೆಳಗಿಟ್ಟು ನಾನೂ ಅವಳ ಮುಖವನ್ನೇ ನೋಡಬೇಕು.